ಕಾರನ್ನು ಏರಿಸುವ ಕಬ್ಬಿಣದ ಇಳಿಜಾರು

ಮೋಟಾರು ಕಾರಿನ ಎಂಜಿನ್ ಎಣ್ಣೆಯನ್ನು ಬದಲಾಯಿಸುವುದು ಕಷ್ಟದ ಕೆಲಸವೇನೂ ಅಲ್ಲ. ಎಂಜಿನ್ನಿನ ತಳದಲ್ಲಿರುವ ಒಂದು ಬೋಲ್ಟನ್ನು ಸಡಿಲಿಸಿ ಹಳೆಯ ಎಣ್ಣೆಯನ್ನು ಬೋಗುಣಿಗೆ ಇಳಿಸಬೇಕು. ಬೋಲ್ಟನ್ನು ಮತ್ತೆ ಬಿಗಿದು ಮೇಲಿನಿಂದ ಹೊಸ ಎಣ್ಣೆಯನ್ನು ಹೊಯ್ಯಬೇಕು. ಆದರೆ ಆ ಬೋಲ್ಟು ನೆಲದಿಂದ ಒಂದು ಗೇಣಿನಷ್ಟೂ ಎತ್ತರದಲ್ಲಿರುವುದಿಲ್ಲ. ಮನುಷ್ಯನ ಎದೆ ಅಷ್ಟು ಸಂದಿನಲ್ಲಿ ತೂರುವಂತಿಲ್ಲ. ಆದುದರಿಂದ ಕಾರಿನ ಮುಂಭಾಗವನ್ನು ಹೇಗಾದರೂ ಮೇಲಕ್ಕೆತ್ತಬೇಕು. ಎತ್ತಿದ ಕಾರು ನಾವು ಅದರ ಕೆಳಗೆ ಮಲಗಿರುವಷ್ಟು ಹೊತ್ತೂ ಅಲ್ಲೇ ನಿಲ್ಲಬೇಕು. ಕಷ್ಟವಿರುವುದು ಈ ಎರಡನೆಯ ಮಾತಿನಲ್ಲಿ.

ಕಾರಿನೊಡನೆ ಕೊಡುವ ಜಾಕಿಯಿಂದ ಈ ಕೆಲಸವನ್ನು ಮಾಡಿಕೊಳ್ಳಬಹುದೆಂದು ಅನೇಕರು ನಂಬಿದ್ದಾರೆ. ನಮ್ಮ ವಿದ್ಯಾರ್ಥಿಯೊಬ್ಬನ ಅಣ್ಣನೂ ಹಾಗೆಯೇ ನಂಬಿದ್ದನು. ಚಕ್ರವನ್ನು ಬಿಚ್ಚಿಟ್ಟು ಜಾಕಿಯ ಮೇಲೆ ನಿಂತಿದ್ದ ಕಾರಿನ ಕೆಳಗೆ ಅವನು ತೂರಿದ್ದಾಗ ಜಾಕಿ ಓರೆಯಾಗಿ ಕಾರು ಕೆಳಗಿಳಿಯಿತು. ಬಿಚ್ಚಿದ ಚಕ್ರವನ್ನು ಯಾವ ಆಲೋಚನೆಯೂ ಇಲ್ಲದೆ ಕಾರಿನ ಅಂಚಿನಡಿಗೆ ತಳ್ಳಿದ್ದುದರಿಂದ ಕಾರು ಅದರ ಮೇಲೆ ಕುಳಿತಿತು, ಹುಡುಗನು ಬದುಕಿಕೊಂಡನು. ಜಾಕಿಯ ತಳ ಅಂಗೈಯಷ್ಟು ಅಗಲ. ಕಾರು ಎರಡು ಬೆರಳಿನಷ್ಟು ಮುಂದಕ್ಕೆ ಉರುಳಿದರೂ ಅದು ವಾಲುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಜಾಕಿಯಾದರೆ, ಒಳಗಿನ ಒಂದು ರಬ್ಬರು ಉಂಗುರ ಸವೆದಿದ್ದರೂ ಸಾಕು, ನೋಡನೋಡುತ್ತಲೇ ಇಳಿಯತೊಡಗುತ್ತದೆ. ಜಾಕಿ ಇರುವುದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಇಟ್ಟಿಗೆಗಳನ್ನೋ ಟೊಳ್ಳು ಕಾಂಕ್ರೀಟು ದಿಮ್ಮಿಗಳನ್ನೋ ಪೇರಿಸಿ ಆಸರೆ ಕೊಡುವವರೂ ಇದ್ದಾರೆ. ಇವು ಭಿದುರ ವಸ್ತುಗಳು. ಒಂದೇ ಮೂಲೆಯ ಮೇಲೆ ಭಾರ ಬಿದ್ದರೆ ಮುನ್ಸೂಚನೆಯೇ ಇಲ್ಲದೆ ಸೀಳಿಹೋಗುತ್ತವೆ. ಮೆದು ಉಕ್ಕಿನ ಗುಣ ಬೇರೆ: ತುಂಡಾಗುವ ಮೊದಲು ಅದು ತನ್ನ ಉದ್ದದ ಶೇಕಡ 20ಕ್ಕೂ ಹೆಚ್ಚು ಹಿಗ್ಗಬಲ್ಲುದು. ಎಂದರೆ, ಅದು ಮುರಿಯುವುದಕ್ಕೆ ಬಹಳ ಮುಂಚೆಯೇ ಕಣ್ಣಿಗೆ ಕಾಣುವಂತೆ ಬಾಗುತ್ತದೆ.

ಈ ಕಾರಣಗಳಿಂದ ನಾವು ಉಕ್ಕಿನ ಇಳಿಜಾರುಗಳನ್ನು ಮಾಡಿಸಲು ಹೊರಟೆವು. ಇವಕ್ಕೆ ಎಲ್ಲರೂ ಹೇಳುವ ಹೆಸರು ರ‍್ಯಾಂಪು. ಎರಡು ರ‍್ಯಾಂಪುಗಳನ್ನು ಮುಂದಿನ ಎರಡು ಚಕ್ರಗಳ ಎದುರಿಗಿಟ್ಟು, ಕಾರನ್ನು ನಿಧಾನವಾಗಿ ಅವುಗಳ ಮೇಲಕ್ಕೆ ನಡೆಸುವುದು. ಮೇಲಿನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸುವುದು. ಎತ್ತುವ ಶ್ರಮವೆಲ್ಲ ಎಂಜಿನ್ನಿನದು. ಲೆಕ್ಕಕ್ಕಾಗಿ ನಾವು ತೆಗೆದುಕೊಂಡ ಕಾರು ಮಾರುತಿ 800. ಇದರ ತಯಾರಿಕೆ 2014ರಲ್ಲಿ ನಿಂತಿತಾದರೂ ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. ಅದರ ತೂಕ ಸುಮಾರು 650 ಕಿಲೋಗ್ರಾಂ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ದೂರ 217.5 ಸೆಂಟಿಮೀಟರು. ಎಂಜಿನ್ನು ಮುಂದೆಯೇ ಇರುವುದರಿಂದ ತೂಕದಲ್ಲಿ ಐದನೆಯ ಮೂರು ಪಾಲು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆಂದು ಇಟ್ಟುಕೊಳ್ಳೋಣ. ಹಾಗಾದರೆ ಮುಂದೆ 390 ಕಿಲೋಗ್ರಾಂ, ಒಂದೊಂದು ಚಕ್ರಕ್ಕೆ ಸುಮಾರು 200. (ಈ ಲೇಖನದಲ್ಲಿ ಬಲವನ್ನೂ ಕಿಲೋಗ್ರಾಂ ತೂಕದಲ್ಲಿಯೇ ಹೇಳುತ್ತೇವೆ. ನ್ಯೂಟನ್ ಬೇಕೆನ್ನುವವರು 9.8ರಿಂದ ಗುಣಿಸಿಕೊಳ್ಳಬಹುದು.)

ಇಳಿಜಾರು ಎಷ್ಟು ಕಡಿದಾಗಿರಬೇಕು?

ಎಣ್ಣೆಯ ಪೀಪಾಯಿಗಳನ್ನು ಲಾರಿಗೆ ಏರಿಸುವುದನ್ನು ಪೇಟೆಯಲ್ಲಿ ನೋಡಿರುವ ವಾಚಕರಿಗೆ ಇಳಿಜಾರು ತಲದ ತತ್ತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಲಗೆ ಉದ್ದವಾದಷ್ಟೂ ನೂಕುವ ಬಲ ಕಡಿಮೆ, ನೂಕಬೇಕಾದ ದೂರ ಹೆಚ್ಚು. ಈ ನಿಯಮವನ್ನು ಹಾಲೆಂಡಿನ ಸೈಮನ್ ಸ್ಟೆವಿನ್ 1586ರಲ್ಲಿ ಬಹು ಸೊಗಸಾದ ಒಂದು ಯುಕ್ತಿಯಿಂದ ಸಾಧಿಸಿದನು. ತ್ರಿಕೋನಾಕಾರದ ದಿಮ್ಮಿಯ ಮೇಲೆ 14 ಗುಂಡುಗಳ ಮಾಲೆಯೊಂದನ್ನು ಹೊದಿಸಿರುವುದಾಗಿ ಅವನು ಕಲ್ಪಿಸಿಕೊಂಡನು. ದಿಮ್ಮಿಯ ಒಂದು ಓರೆ ಇನ್ನೊಂದರ ಎರಡರಷ್ಟು ಉದ್ದ. ಆದುದರಿಂದ ಉದ್ದನೆಯ ಓರೆಯ ಮೇಲೆ ನಾಲ್ಕು ಗುಂಡುಗಳು, ಮೊಟಕಾದ ಓರೆಯ ಮೇಲೆ ಎರಡು. ಮಾಲೆ ತಾನಾಗಿ ಸರಿಯತೊಡಗಿದರೆ ಎಂದೆಂದಿಗೂ ಸುತ್ತುತ್ತಲೇ ಇರಬೇಕಾಗುತ್ತದೆ, ಅದು ಅಸಂಭವ. ಆದುದರಿಂದ ಮಾಲೆ ಸ್ಥಿರವಾಗಿಯೇ ನಿಲ್ಲಬೇಕು, ನಾಲ್ಕು ಗುಂಡುಗಳ ಸೆಳೆತವೂ ಎರಡು ಗುಂಡುಗಳ ಸೆಳೆತವೂ ಸಮವಾಗಿರಬೇಕು. ಒಂದು ಸೂತ್ರವನ್ನೂ ಬರೆಯದೆ ಪಡೆದ ಫಲ ಇದು. ನಾವು ತರಗತಿಯಲ್ಲಿ ಸೈನು ಕೊಸೈನುಗಳಿಂದ ಅದನ್ನು ತೆಗೆದು ತೋರಿಸುವಾಗಲೆಲ್ಲ ಸ್ವಲ್ಪ ಸಂಕೋಚವಾಗುವುದುಂಟು.

ನಮ್ಮ ರ‍್ಯಾಂಪಿನ ಎತ್ತರ 20 ಸೆಂಟಿಮೀಟರು. ಕೆಳಗೆ ಮಲಗಿ ಸ್ಪ್ಯಾನರು ತಿರುಗಿಸಲು ಇಷ್ಟು ಸಾಕು. ಇಳಿಜಾರಿನ ಅಡ್ಡಳತೆ 80 ಸೆಂಟಿಮೀಟರು, ಓರೆಯ ಉದ್ದ ಸುಮಾರು 82.5. ಎತ್ತರವನ್ನು ಅಡ್ಡಳತೆಯಿಂದ ಭಾಗಿಸಿದರೆ ಕಾಲು ಬರುತ್ತದೆ. ತ್ರಿಕೋನಮಿತಿಯಲ್ಲಿ ಇದೇ ಕೋನದ ಟ್ಯಾಂಜೆಂಟು. ಕೋನ ಸುಮಾರು 14 ಡಿಗ್ರಿ. ಮುಂಭಾಗವನ್ನು ಎತ್ತುವ ಕೆಲಸ 390 ಕಿಲೋಗ್ರಾಮನ್ನು 0.2 ಮೀಟರು ಏರಿಸಿದಷ್ಟು, ಎಂದರೆ 78 ಕಿಲೋಗ್ರಾಂ-ಮೀಟರು ಅಥವಾ ಸುಮಾರು 765 ಜೂಲು. ಎಂಜಿನ್ನಿಗೆ ಇದು ಲೆಕ್ಕಕ್ಕೇ ಇಲ್ಲ.

ಹೀಗಿರುವಲ್ಲಿ ಇನ್ನೂ ಮೊಟಕಾದ, ಕಡಿದಾದ ರ‍್ಯಾಂಪನ್ನೇ ಏಕೆ ಮಾಡಬಾರದು? ಕಬ್ಬಿಣವೂ ಉಳಿಯುತ್ತದಲ್ಲ! ಒಂದು ಅಡ್ಡಿ ಕಾರಿನ ಮೂತಿ. ಚಕ್ರ ಇಳಿಜಾರಿನ ಬುಡವನ್ನು ಮುಟ್ಟುವ ಮೊದಲೇ ಮುಂದಕ್ಕೆ ಚಾಚಿರುವ ಬಂಪರು ಇಳಿಜಾರಿಗೆ ತಾಗಿಬಿಡಬಹುದು. ಚಕ್ರ ನೆಲವನ್ನು ಮುಟ್ಟುವ ಜಾಗದಿಂದ ಬಂಪರಿನ ಕೆಳ ಅಂಚಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ, ರ‍್ಯಾಂಪು ಆ ದಾರಕ್ಕಿಂತ ಸ್ಪಷ್ಟವಾಗಿ ಕೆಳಗಿರಬೇಕು. ಪ್ರತಿಯೊಬ್ಬನೂ ತನ್ನ ಕಾರಿನಲ್ಲಿಯೇ ಇದನ್ನು ಅಳೆದುಕೊಳ್ಳುವುದು ಮೇಲು. ಎರಡನೆಯ ಅಡ್ಡಿ ಘರ್ಷಣೆ. ಅದು ನಮಗೆ ಒಂದು ಪೇಚಾಟದಿಂದ ತಿಳಿದುಬಂತು.

ಜಾರಿದ ರ‍್ಯಾಂಪು

ನಮ್ಮ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅವರ ತಂದೆಯ ಕಾಲದ ಅಂಬಾಸಿಡರ್ ಕಾರು ಇದೆ. ಮಾರುತಿಯನ್ನು ಎರಡು ಮೂರು ಬಾರಿ ಸುಸೂತ್ರವಾಗಿ ಏರಿಸಿದ್ದ ಧೈರ್ಯದಿಂದ ನಾವು ರ‍್ಯಾಂಪುಗಳನ್ನು ಅಲ್ಲಿಗೆ ಒಯ್ದೆವು. ಅವರ ಮೊಗಸಾಲೆಯ ನೆಲ ನುಣುಪಾದ ಕೆಂಪು ಗಾರೆಯದು. ನಮ್ಮ ಮನೆಯದೂ ಹೆಚ್ಚು ಕಡಿಮೆ ಅಂಥದೇ. ಕಾರು ಮುಂದೆ ಬಂತು. ಚಕ್ರಗಳು ರ‍್ಯಾಂಪಿನ ಬುಡಕ್ಕೆ ತಾಗಿದವು. ಏರುವುದಕ್ಕೆ ಬದಲು ರ‍್ಯಾಂಪುಗಳೇ ಕಾರಿನ ಮುಂದೆ ಮುಂದೆ ಜಾರುತ್ತ ಹೋಗಿ ಒಂದು ಗೋಡೆಗೆ ಬಡಿಯಿತು. ಗೋಡೆಗೂ ರ‍್ಯಾಂಪಿಗೂ ನಡುವೆ ನಿಂತು ಕೈಸನ್ನೆ ಮಾಡುತ್ತಿದ್ದವರು ನಾವೇ. ಒಂದು ಹೆಜ್ಜೆ ಪಕ್ಕಕ್ಕೆ ಹಾರದಿದ್ದರೆ ಮೊಣಕಾಲು ಉಳಿಯುತ್ತಿರಲಿಲ್ಲ.

ಅದೇ ರ‍್ಯಾಂಪು, ಅಂಥದೇ ನೆಲ. ಮಾರುತಿ ಏರಿತು, ಅಂಬಾಸಿಡರ್ ಏರಲಿಲ್ಲ. ಕಾರಿನ ಭಾರ ಹೆಚ್ಚಾದುದರಿಂದ ಹೀಗಾಯಿತೆಂದು ಮೊದಲು ತೋರಿತು. ಆದರೆ ಭಾರ ಹೆಚ್ಚಿದರೆ ನೆಲದ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕಷ್ಟೆ. ನಿಜವಾದ ಕಾರಣ ಬೇರೆ: ಮಾರುತಿ 800ರಲ್ಲಿ ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನು, ಅಂಬಾಸಿಡರಿನಲ್ಲಿ ಹಿಂದಿನವನ್ನು.

ಅಂಬಾಸಿಡರಿನ ಮುಂದಿನ ಚಕ್ರಗಳು ತಾವಾಗಿ ತಿರುಗುವುದಿಲ್ಲ, ಸುಮ್ಮನೆ ಉರುಳುತ್ತವೆ. ಹಾಗೆ ಉರುಳುವ ಚಕ್ರ ಇಳಿಜಾರನ್ನು ಅದಕ್ಕೆ ಲಂಬವಾಗಿ ಮಾತ್ರ ಒತ್ತಬಲ್ಲುದು. ಇಳಿಜಾರೇ ಓರೆಯಾಗಿರುವುದರಿಂದ ಈ ಒತ್ತುವ ಬಲವೂ ಓರೆ: ಅದರ ಒಂದಂಶ ಕೆಳಕ್ಕೆ, ಇನ್ನೊಂದಂಶ ಮುಂದಕ್ಕೆ. ಮುಂದಕ್ಕೆ ನೂಕುವ ಅಂಶ ಚಕ್ರದ ಭಾರವನ್ನು ಕೋನದ ಟ್ಯಾಂಜೆಂಟಿನಿಂದ ಗುಣಿಸಿದಷ್ಟು. ಚಕ್ರದ ಮೇಲಿನ ಭಾರ 300 ಕಿಲೋಗ್ರಾಂ ಎಂದುಕೊಂಡರೆ ನೂಕುವ ಬಲ 75 ಕಿಲೋಗ್ರಾಂ. ನುಣುಪು ನೆಲದ ಮೇಲೆ ಕಬ್ಬಿಣದ ಘರ್ಷಣಾಂಕವನ್ನು 0.2 ಎಂದಿಟ್ಟುಕೊಂಡರೆ ತಡೆಯುವ ಬಲ 60 ಕಿಲೋಗ್ರಾಂ. ರ‍್ಯಾಂಪಿನ ಸ್ವಂತ ತೂಕದಿಂದ ಇನ್ನೊಂದು ಏಳೆಂಟು. ಜಾರದೆ ಇನ್ನೇನು ಮಾಡೀತು? ಟ್ಯಾಂಜೆಂಟು ಘರ್ಷಣಾಂಕಕ್ಕಿಂತ ಹೆಚ್ಚಾಗಿದ್ದರೆ ಕಾರು ಹಗುರವೋ ಭಾರವೋ ಎಂಬುದು ಮುಖ್ಯವಲ್ಲ.

ಮಾರುತಿಯ ಸಂಗತಿಯನ್ನು ನೋಡೋಣ. ಅಲ್ಲಿ ಸುಮ್ಮನೆ ಉರುಳುವವು ಹಿಂದಿನ ಚಕ್ರಗಳು. ಅವುಗಳ ಮೂಲಕ ಕಾರಿಗೆ ಹೇಳಿಕೊಳ್ಳುವಂಥ ಅಡ್ಡ ಬಲವೇನೂ ದೊರೆಯದು. ಕಾರು ಒಂದೇ ನಿಧಾನ ವೇಗದಲ್ಲಿ ಏರುತ್ತಿದೆ; ಆದುದರಿಂದ ಅದರ ಮೇಲಿನ ಅಡ್ಡ ಬಲಗಳ ಮೊತ್ತ ಸೊನ್ನೆಯಾಗಬೇಕು. ಹಿಂದಿನ ಚಕ್ರಗಳಲ್ಲಿ ಅಡ್ಡ ಬಲವಿಲ್ಲವೆಂದಮೇಲೆ ಮುಂದಿನವುಗಳಲ್ಲಿಯೂ ಇರಲಾರದು. ಎಂದರೆ, ಚಕ್ರ ಇಳಿಜಾರನ್ನು ಓರೆಯಾಗಿ ಒತ್ತಿ ಮುಂದಕ್ಕೆ ನೂಕುವಷ್ಟನ್ನೇ ಟಯರು ತನ್ನ ಹಿಡಿತದಿಂದ ಹಿಂದಕ್ಕೆ ಎಳೆಯುತ್ತಿದೆ! ಎರಡೂ ಸರಿಹೊಂದಿ ರ‍್ಯಾಂಪಿನ ಮೇಲೆ ಉಳಿಯುವುದು ನೇರ ಕೆಳಮುಖದ ಭಾರ ಮಾತ್ರ. ನ್ಯೂಟನ್ನನ ಮೂರನೆಯ ನಿಯಮವನ್ನು ವರ್ಷ ವರ್ಷವೂ ಹೇಳಿಕೊಡುವ ನಮಗೆ ಇದು ಗೋಡೆಯ ಬಳಿ ನಿಂತಿದ್ದಾಗ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಮುಂದಿನ ಚಕ್ರಗಳಿಂದ ಓಡುವ ಕಾರಿಗೂ ಈ ರಕ್ಷಣೆ ಸಂಪೂರ್ಣವಲ್ಲ. ಚಕ್ರ ನೆಲವನ್ನು ಬಿಟ್ಟು ಇಳಿಜಾರನ್ನು ಹತ್ತುವ ಆ ಒಂದು ಗಳಿಗೆಯಲ್ಲಿ ಭಾರ ಇನ್ನೂ ನೆಲದ ಮೇಲೆಯೇ ಇರುತ್ತದೆ. ಟಯರಿನ ಹಿಡಿತವೂ ನೆಲದ್ದೇ. ಆಗ ರ‍್ಯಾಂಪು ಮುಂದಕ್ಕೆ ಸರಿಯಬಹುದು. ಚಾಲಕನು ಪೆಡಲನ್ನು ರಭಸದಿಂದ ತುಳಿದರೆ ಟಯರಿನ ಎಳೆತ ಮಿತಿಮೀರಿ ರ‍್ಯಾಂಪು ಹಿಂದಕ್ಕೆ ಕಾರಿನಡಿಗೆ ಎಸೆಯಲ್ಪಡುತ್ತದೆ. ಮೇಲೆ ಹೋಗಿ ಥಟ್ಟನೆ ಬ್ರೇಕು ಹಾಕಿದರೆ ಮತ್ತೆ ಮುಂದಕ್ಕೆ. ಇವೆಲ್ಲಕ್ಕೂ ಪರಿಹಾರ ಒಂದೇ: ರ‍್ಯಾಂಪಿನ ತಳಪಟ್ಟಿಗಳಿಗೆ ಹಳೆಯ ಟಯರಿನ ತುಂಡುಗಳನ್ನು ಬೋಲ್ಟಿನಿಂದ ಬಿಗಿಯುವುದು. ಒಣ ನೆಲದ ಮೇಲೆ ರಬ್ಬರಿನ ಘರ್ಷಣಾಂಕ 0.6ಕ್ಕೆ ಕಡಿಮೆಯಿಲ್ಲದಂತೆ ದೊರೆಯುತ್ತದೆ, ನಮ್ಮ 0.25ಕ್ಕೆ ಅದು ಧಾರಾಳ. ಬೋಲ್ಟಿನ ತಲೆ ರಬ್ಬರಿನೊಳಗೆ ಹುದುಗಿರಬೇಕೆಂಬುದನ್ನು ಮರೆಯಬಾರದು. ಈ ಏರ್ಪಾಟಾದ ಮೇಲೆ ಅಂಬಾಸಿಡರೂ ಏರಿತು. ಆ ಸಲ ನಾವು ಪಕ್ಕದಲ್ಲಿ ನಿಂತಿದ್ದೆವು.

ಕಬ್ಬಿಣದ ಲೆಕ್ಕ

ಮೆದು ಉಕ್ಕು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2500 ಕಿಲೋಗ್ರಾಮಿನ ಪೀಡನವನ್ನು ತಾಳುತ್ತದೆ. ಅದನ್ನು ಮೀರಿದರೆ ಮಣಿಯುತ್ತದೆ, ಎಂದರೆ ಭಾರ ತೆಗೆದರೂ ನೆಟ್ಟಗಾಗುವುದಿಲ್ಲ. ನಮ್ಮ ಪ್ರಯತ್ನವೆಲ್ಲ ಈ ಬಿಂದುವಿನಿಂದ ಬಹು ದೂರದಲ್ಲಿರುವುದಕ್ಕಾಗಿ. ಚಕ್ರದ ಭಾರ 200 ಕಿಲೋಗ್ರಾಮಾದರೂ ಲೆಕ್ಕಕ್ಕೆ 400 ಹಿಡಿಯಬೇಕು. ಥಟ್ಟನೆ ಬಂದು ಕೂರುವ ಭಾರ, ಮೆಲ್ಲನೆ ಇಳಿಸಿದ ಭಾರದ ಎರಡರಷ್ಟು ಪೀಡನವನ್ನು ಉಂಟುಮಾಡುತ್ತದೆಂಬುದು ಸ್ಥಿತಿಸ್ಥಾಪಕತೆಯ ಪಾಠದಲ್ಲಿ ಬರುವ ಪ್ರಸಿದ್ಧ ಫಲ.

ಕಬ್ಬಿಣದಂಗಡಿಯಲ್ಲಿ ಆಂಗಲ್ ಎಂದು ಕೇಳಿದರೆ ಕೊಡುವ ಮೂಲೆಪಟ್ಟಿಯಲ್ಲಿ 50 ಮಿಲಿಮೀಟರು ಅಗಲದ, 6 ಮಿಲಿಮೀಟರು ದಪ್ಪದ ಜಾತಿಯನ್ನು ನಾವು ಆರಿಸಿದೆವು. ಮೀಟರಿಗೆ ಇದರ ತೂಕ 4.5 ಕಿಲೋಗ್ರಾಂ. ಬಾಗುವಿಕೆಗೆ ಪಟ್ಟಿಯ ಆಕಾರ ಒಡ್ಡುವ ವಿರೋಧವನ್ನು ಅಳೆಯುವ ಒಂದು ಸಂಖ್ಯೆ ಇದೆ. ಇಂಜಿನಿಯರುಗಳು ಅದನ್ನು ಸೆಕ್ಷನ್ ಮಾಡ್ಯುಲಸ್ ಎನ್ನುತ್ತಾರೆ. ಈ ಆಂಗಲಿಗೆ ಅದು 3.6 ಘನ ಸೆಂಟಿಮೀಟರು. ಇಳಿಜಾರಿನ ಎರಡು ಪಕ್ಕಗಳಲ್ಲಿ ಒಂದೊಂದು ಆಂಗಲ್. ಒಂದೊಂದರ ಪಾಲಿಗೆ 200 ಕಿಲೋಗ್ರಾಂ. ಎರಡು ತುದಿಗಳಲ್ಲಿ ಮಾತ್ರ ಆಸರೆಯಿದ್ದು ಭಾರ ನಟ್ಟನಡುವೆ ಬಂದಾಗ ಬಾಗಿಸುವ ಭ್ರಾಮಕ, ಭಾರವನ್ನು ಉದ್ದದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದಷ್ಟು: 200 × 82.5 ÷ 4, ಸುಮಾರು 4125. ಇದನ್ನು 3.6ರಿಂದ ಭಾಗಿಸಿದರೆ ಪೀಡನ 1146. ಮಣಿಯುವ ಬಿಂದುವಿನ ಅರ್ಧಕ್ಕೆ ಸಮೀಪ, ನಮಗೆ ಒಪ್ಪಿಗೆಯಾಗಲಿಲ್ಲ. ಇಳಿಜಾರಿನ ನಡುವೆ ಒಂದು ಜೊತೆ ಕಾಲುಗಳನ್ನು ಕೊಟ್ಟರೆ ಉದ್ದ ಅರ್ಧವಾಗಿ, ಪೀಡನವೂ 570ಕ್ಕೆ ಇಳಿಯುತ್ತದೆ. ಹತ್ತು ಸೆಂಟಿಮೀಟರಿನ ಎರಡು ತುಂಡು ಕಬ್ಬಿಣದಿಂದ ಬಲ ಇಮ್ಮಡಿಯಾಯಿತು.

ಪಕ್ಕದ ಆಂಗಲುಗಳನ್ನು ಹೀಗೆ ಜಾಗರೂಕತೆಯಿಂದ ಲೆಕ್ಕ ಹಾಕಿದ ನಾವು, ಚಕ್ರ ನಿಜವಾಗಿ ಕುಳಿತುಕೊಳ್ಳುವ ಅಡ್ಡಪಟ್ಟಿಗಳನ್ನು ಮಾತ್ರ ಲೆಕ್ಕ ಹಾಕಲಿಲ್ಲ. 12 ಮಿಲಿಮೀಟರಿನ ಸರಳುಗಳನ್ನು 5 ಸೆಂಟಿಮೀಟರಿಗೊಂದರಂತೆ ಏಣಿಯ ಮೆಟ್ಟಿಲಿನ ಹಾಗೆ ಬೆಸೆಯಿಸಿದೆವು. ನೋಡಲು ಗಟ್ಟಿಮುಟ್ಟಾಗಿ ಕಂಡವು. ಮೊದಲನೆಯ ದಿನವೇ ನಾಲ್ಕಾರು ಸರಳುಗಳು ತೊಟ್ಟಿಲಿನಂತೆ ಬಾಗಿದವು. ಆಮೇಲೆ ಕಾಗದ ಪೆನ್ಸಿಲು ತೆಗೆದುಕೊಂಡು ಕುಳಿತೆವು. ರ‍್ಯಾಂಪಿನ ಅಗಲ 25 ಸೆಂಟಿಮೀಟರು, ಟಯರಿನ ಅಗಲ 14.5. ಒಂದೇ ಸರಳಿನ ಮೇಲೆ 200 ಕಿಲೋಗ್ರಾಂ ಕುಳಿತರೆ ಭ್ರಾಮಕ ಸುಮಾರು 890. 12 ಮಿಲಿಮೀಟರಿನ ಸರಳಿಗೆ ಸೆಕ್ಷನ್ ಮಾಡ್ಯುಲಸ್ 0.17 ಮಾತ್ರ, ಪೀಡನ 5200ನ್ನೂ ದಾಟುತ್ತದೆ! ಎರಡು ಸರಳುಗಳು ಹಂಚಿಕೊಂಡರೂ 2600. ತುದಿಗಳು ಬೆಸೆದುಕೊಂಡಿದ್ದುದರಿಂದ ಸ್ವಲ್ಪ ರಿಯಾಯಿತಿ ದೊರೆತರೂ ಏರುವಾಗಿನ ಜಗ್ಗಾಟಕ್ಕೆ ಅದು ಸಾಲದು. ಸರಳುಗಳನ್ನು ಕತ್ತರಿಸಿ ತೆಗೆಸಿ, 40 ಮಿಲಿಮೀಟರು ಅಗಲ, 5 ಮಿಲಿಮೀಟರು ದಪ್ಪದ ಆಂಗಲುಗಳನ್ನು ಸುಮಾರು 8 ಸೆಂಟಿಮೀಟರಿಗೊಂದರಂತೆ ಹಾಕಿಸಿದೆವು. ಅವುಗಳ ಮಾಡ್ಯುಲಸ್ 1.9, ಒಂದೇ ಪಟ್ಟಿ ಇಡೀ ಚಕ್ರವನ್ನು ಹೊತ್ತರೂ ಪೀಡನ 470ಕ್ಕೆ ಮೀರದು, ಥಟ್ಟನೆ ಕುಳಿತರೆ 940. ಪಟ್ಟಿಗಳ ಅಂಚು ಟಯರಿಗೆ ಹಿಡಿತವನ್ನೂ ಕೊಡುತ್ತದೆ.

ಕಾಲುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಇಷ್ಟು ಗಿಡ್ಡ ಕಾಲುಗಳು ನೇರವಾದ ಭಾರಕ್ಕೆ ಕುಸಿಯುವ ಪ್ರಶ್ನೆಯೇ ಇಲ್ಲ. ಭಯವಿರುವುದು ಅಡ್ಡಕ್ಕೆ ಮಡಚಿಕೊಳ್ಳುವುದರಲ್ಲಿ. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಮೊಳೆ ಹೊಡೆದು ಚೌಕ ಮಾಡಿ ಅದುಮಿದರೆ ಅದು ವಾಲಿ ಚಪ್ಪಟೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನ ಅಲುಗುವುದಿಲ್ಲ. ಆದುದರಿಂದ ಕಾಲುಗಳ ನಡುವೆ, ಉದ್ದಕ್ಕೂ ಅಗಲಕ್ಕೂ, ಮೂಲೆಯಿಂದ ಮೂಲೆಗೆ ಓರೆಪಟ್ಟಿಗಳು ಇರಲೇಬೇಕು. ಕಾಲಿನ ತುದಿಗಳು ನೆಲವನ್ನು ಚುಚ್ಚದಂತೆ ಕೆಳಗೆ ಉದ್ದನೆಯ ತಳಪಟ್ಟಿಯೂ ಬೇಕು. ಎಲ್ಲ ಸೇರಿ ಒಂದೊಂದು ರ‍್ಯಾಂಪು ಸುಮಾರು 40 ಕಿಲೋಗ್ರಾಂ ತೂಗಿತು. ಇಬ್ಬರು ಹಿಡಿದು ಎತ್ತಬೇಕು. ಮನೆಯವರ ಆಕ್ಷೇಪಣೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಬೆಸುಗೆಯನ್ನು ಕಲಿಯದವರು ಅದನ್ನು ಮನೆಯಲ್ಲಿ ಮಾಡಲು ಹೊರಡಬಾರದು; ಅಳತೆಗೆ ಕತ್ತರಿಸಿ, ಗುರುತು ಹಾಕಿ, ವೆಲ್ಡಿಂಗ್ ಅಂಗಡಿಗೆ ಒಯ್ಯುವುದೇ ಸರಿ. ಲೆಕ್ಕದ ಪ್ರಕಾರ ಬೆಸುಗೆ ಬೇಕಾದುದಕ್ಕಿಂತ ಬಹಳ ಬಲವಾಗಿರುತ್ತದೆ. ಆದರೆ ಆ ಲೆಕ್ಕ ಒಳಗಿನವರೆಗೂ ಕರಗಿ ಕೂಡಿದ ಬೆಸುಗೆಗೆ ಸಂಬಂಧಿಸಿದ್ದು. ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ತೂತುಗಳೋ ಬಿರುಕುಗಳೋ ಇವೆಯೇ ಎಂದು ನೋಡಬೇಕು. ಬಣ್ಣ ಹಚ್ಚಿ ಕೊಡುತ್ತೇವೆಂದು ಅಂಗಡಿಯವರು ಹೇಳಿದರೆ ಬೇಡವೆನ್ನಬೇಕು.

ಮೇಲೆ ನಿಂತ ಕಾರು

ರ‍್ಯಾಂಪಿನ ಮೇಲ್ಭಾಗ 35 ಸೆಂಟಿಮೀಟರು ಉದ್ದದ ಸಮತಟ್ಟು. ಅದರ ಕೊನೆಯಲ್ಲಿ 10 ಸೆಂಟಿಮೀಟರು ಎತ್ತರದ ತಡೆ. ಎಂಜಿನ್ನಿನ ಬಲಕ್ಕೆ ಈ ತಡೆ ಅಭೇದ್ಯವೇನಲ್ಲ. ಚಕ್ರ ಅದಕ್ಕೆ ತಾಗಿತೆಂದು ಚಾಲಕನ ಕಾಲಿಗೆ ತಿಳಿಸುವುದಷ್ಟೇ ಅದರ ಕೆಲಸ.

ಈಗ ಕಾರು ಸುಮಾರು 5 ಡಿಗ್ರಿ ಹಿಂದಕ್ಕೆ ವಾಲಿ ನಿಂತಿದೆ. ಅದು ಹಿಂದಕ್ಕೆ ಉರುಳುವುದೇ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗ ಬಹುಪಾಲು ಕೈಗಳು ‘ಉರುಳುತ್ತದೆ’ ಎಂಬ ಕಡೆಗೆ ಏಳುತ್ತವೆ. ಆದರೆ ಮುಂದಿನ ಚಕ್ರಗಳು ನಿಂತಿರುವುದು ಸಮತಟ್ಟಾದ ಮೇಲ್ಭಾಗದಲ್ಲಿ, ಹಿಂದಿನವು ಸಮತಟ್ಟಾದ ನೆಲದಲ್ಲಿ. ಕಾರು ಒಂದಿಷ್ಟು ಹಿಂದೆ ಸರಿದರೂ ಅದರ ಗುರುತ್ವ ಕೇಂದ್ರ ಕೆಳಗಿಳಿಯುವುದಿಲ್ಲ. ಇಳಿಯದಿದ್ದ ಮೇಲೆ ಉರುಳಲು ಕಾರಣವಿಲ್ಲ. ವಾಲಿರುವುದು ಕಾರು, ನೆಲವಲ್ಲ. ಆದರೂ ನಿಶ್ಚಿಂತರಾಗುವಂತಿಲ್ಲ, ನಮ್ಮ ಅಂಗಳಗಳಲ್ಲಿ ಮಳೆಯ ನೀರು ಹರಿದುಹೋಗಲೆಂದು ಸ್ವಲ್ಪ ವಾಟವನ್ನು ಕೊಟ್ಟೇ ಇರುತ್ತಾರೆ. ಆದುದರಿಂದ ಹಿಂದಿನ ಚಕ್ರಗಳಿಗೆ ಕೈ ಬ್ರೇಕು, ಮುಂದಿನವಕ್ಕೆ ಮೊದಲನೆಯ ಗೇರು, ಹಿಂದಿನ ಚಕ್ರಗಳ ಎರಡೂ ಕಡೆಗೆ ಮರದ ಬೆಣೆಗಳು. ಈ ಮೂರೂ ಬೇಕು. ಮೇಲೆ ನಿಂತ ಮೇಲೆ ಸ್ಟಿಯರಿಂಗನ್ನು ತಿರುಗಿಸಬಾರದು. ನಿಂತ ಟಯರು ಹೊರಳಿದರೆ ರ‍್ಯಾಂಪನ್ನು ಪಕ್ಕಕ್ಕೆ ತಿರುಚುತ್ತದೆ.

ಕೆಳಗೆ ತೂರುವ ಮೊದಲು ಪರೀಕ್ಷೆಯಾಗಬೇಕು. ಕಾರಿನ ಮುಂದಿನ ಆಸನಗಳಲ್ಲಿ ಎರಡು ಸಿಮೆಂಟು ಮೂಟೆಗಳನ್ನಿಟ್ಟು ಏರಿಸಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟೆವು. ಆ ಹೊತ್ತಿನಲ್ಲಿ ಯಾರೂ ಕೆಳಗೆ ಹೋಗಕೂಡದು. ಪಕ್ಕದ ಆಂಗಲಿನ ಉದ್ದಕ್ಕೂ ಒಂದು ದಾರವನ್ನು ಬಿಗಿದು ಕಟ್ಟಿದ್ದೆವು. ಉಕ್ಕಿನ ಸ್ಥಿತಿಸ್ಥಾಪಕತೆಯಿಂದ ಲೆಕ್ಕ ಹಾಕಿದರೆ, 200 ಕಿಲೋಗ್ರಾಮಿನ ಚಕ್ರಕ್ಕೆ ಆಂಗಲು ನಡುವೆ ಬಾಗಬೇಕಾದುದು ಮಿಲಿಮೀಟರಿನ 20ನೆಯ ಒಂದು ಭಾಗದಷ್ಟು, ಕಣ್ಣಿಗೆ ಕಾಣಲಾರದು. ದಾರಕ್ಕೂ ಕಬ್ಬಿಣಕ್ಕೂ ನಡುವೆ ಸಂದು ಕಂಡಿತೆಂದರೆ, ಅದು ಎಷ್ಟೇ ಸಣ್ಣದಾಗಿರಲಿ, ಲೆಕ್ಕದಲ್ಲೋ ಬೆಸುಗೆಯಲ್ಲೋ ತಪ್ಪಿದೆ. ಬೆಳಗ್ಗೆ ಕಾರನ್ನು ಇಳಿಸಿ ದಾರವನ್ನು ಇನ್ನೊಮ್ಮೆ ನೋಡಿ, ಬೆಸುಗೆಗಳನ್ನೆಲ್ಲ ಮತ್ತೆ ಪರೀಕ್ಷಿಸಿದೆವು. ಅನಂತರವೇ ಕೆಂಪು ಆಕ್ಸೈಡಿನ ಬಣ್ಣ ಬಳಿದದ್ದು. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ತಳಪಟ್ಟಿಗಳ ಮೂಲೆಗಳನ್ನು, ರಬ್ಬರು ತುಂಡುಗಳನ್ನು ಬಿಚ್ಚಿ, ಕೆರೆದು ನೋಡುತ್ತೇವೆ. ನೀರು ನಿಂತು ತುಕ್ಕು ಹಿಡಿಯುವುದು ಅಲ್ಲಿಯೇ.